ಗಾಜಿನೊಳಗಿನ ಬಿಳಿ ಚುಕ್ಕೆ

ಆ ಬಿಳಿ ಚುಕ್ಕೆಗಳು ಗಾಜಿನ ಪುಡಿಯಲ್ಲ, ತನ್ನ ತಲೆಯ ಹೊಟ್ಟು ಎಂದು ಅವಳು ತನಗೆ ತಾನೇ ಒಪ್ಪಿಕೊಂಡದ್ದು ಸ್ನಾನದ ಮನೆಯಲ್ಲಿ, ಚಿಲಕ ಹಾಕಿ, ನಲ್ಲಿಯ ಸದ್ದು ಜೋರು ಮಾಡಿಕೊಂಡ ಮೇಲೆ. ಅದೂ ಮನಸ್ಸಿನಲ್ಲೇ. ದಿನಚರಿಯಲ್ಲಿ ಅಂದು 'ಕೆಲಸ ಜಾಸ್ತಿ, ತಲೆನೋವು' ಎಂದಷ್ಟೇ ಬರೆದಳು. ಹೊಟ್ಟು ಎಂಬ ಮಾತನ್ನು ತನ್ನದೇ ಅಕ್ಷರದಲ್ಲಿ ನೋಡುವಷ್ಟು ಗಟ್ಟಿ ಎದೆ ಅವಳದಾಗಿರಲಿಲ್ಲ.

ಅವಳು ಕೆಲಸಕ್ಕಿದ್ದದ್ದು ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿಯಲ್ಲಿ. ಪದವಿ ಮುಗಿಸಿ, ಸಂದರ್ಶನಗಳಲ್ಲಿ ಬಾಯಿ ಒಣಗಿಸಿಕೊಂಡು ಎದ್ದು ಬಂದು, ಕೊನೆಗೆ ಯಾರೊಂದಿಗೂ ಹೆಚ್ಚು ಮಾತಾಡಬೇಕಿಲ್ಲ ಎಂಬ ಕಾರಣಕ್ಕೆ ಈ ಕೆಲಸ ಹಿಡಿದಿದ್ದಳು. ಯಜಮಾನರು ಅವಳನ್ನು 'ಡಿಗ್ರಿ' ಎಂದೇ ಕರೆಯುತ್ತಿದ್ದರು. ಗಾಜು ಕತ್ತರಿಸಿ ಒರೆಸಿ ಕೊಡುವುದು ದೊಡ್ಡಪ್ಪನ ಪಾಲು. ಅಂಗಡಿಯಲ್ಲಿ ಯಾರಿಗೂ ನೆಂಟರಲ್ಲ, ಆದರೂ ಎಲ್ಲರಿಗೂ ದೊಡ್ಡಪ್ಪ. ಫೋಟೋವನ್ನು ರಟ್ಟಿಗೆ ಅಂಟಿಸಿ, ಗಾಜು ಮುಚ್ಚಿ, ಹಿಂದೆ ಪಟ್ಟಿ ಬಿಗಿಯುವುದು ಅವಳ ಪಾಲು. ಮುಚ್ಚುವ ಮುಂಚೆ ದೀಪದ ಕೆಳಗೆ ಬಗ್ಗಿ, ಓರೆಯಾಗಿ ಕಣ್ಣು ಹಾಯಿಸಿ ಧೂಳು ಹುಡುಕಬೇಕು. ಒಂದು ಕಣ ಉಳಿದರೂ ಅದು ಒಳಗೇ ಸೆರೆ. ಮತ್ತೆ ಎಲ್ಲವನ್ನೂ ಬಿಚ್ಚಬೇಕು.

ಬಿಳಿ ರಟ್ಟು ಬಳಸುತ್ತಿದ್ದಷ್ಟು ಕಾಲ ಏನೂ ಕಾಣಿಸಲಿಲ್ಲ. ಈಚೆಗೆ ಗಿರಾಕಿಗಳೆಲ್ಲ ಕಪ್ಪು ರಟ್ಟಿಗೆ ಮರುಳಾಗಿದ್ದರು. ಒಂದೊಂದೇ ಫೋಟೋ ವಾಪಸು ಬರತೊಡಗಿತು: ಮದುಮಗಳ ಭುಜದ ಪಕ್ಕ ಚುಕ್ಕೆ, ಮಗುವಿನ ತಲೆಯ ಮೇಲೆ ಚುಕ್ಕೆ.

"ಏನ್ ದೊಡ್ಡಪ್ಪಾ, ಗಾಜು ಒರೆಸ್ತೀರೋ ಇಲ್ಲಾ ಉಪ್ಪು ಉದುರಿಸ್ತೀರೋ?" ಎಂದರು ಯಜಮಾನರು.

"ಒರೆಸೇ ಕೊಟ್ಟಿದ್ನಲ್ಲಪ್ಪಾ..." ಎಂದ ದೊಡ್ಡಪ್ಪ ಅಂದಿನಿಂದ ಒಂದೊಂದು ಗಾಜನ್ನೂ ಎರಡೆರಡು ಸಲ ಒರೆಸತೊಡಗಿದರು. ಕಿಟಕಿಯ ಬೆಳಕಿಗೆ ಹಿಡಿಯುವರು, ಕನ್ನಡಕ ಹಾಕಿ ನೋಡುವರು, ತೆಗೆದು ನೋಡುವರು. ಅವಳೂ ಮೊದಲಿಗಿಂತ ಹತ್ತಿರ ಬಗ್ಗಿ, ಹೆಚ್ಚು ಹೊತ್ತು ಹುಡುಕತೊಡಗಿದಳು. ಹುಡುಕಿದಷ್ಟೂ ಚುಕ್ಕೆ ಹೆಚ್ಚಾಯಿತು. ಯಾಕೆಂದು ಹೊಳೆದದ್ದು ಒಂದು ಸಂಜೆ, ಬಗ್ಗಿದ್ದವಳ ಕಣ್ಣೆದುರೇ ಒಂದು ಚೂರು ತೇಲುತ್ತ ಬಂದು ಕಪ್ಪು ರಟ್ಟಿನ ಮೇಲೆ ಹಾಯಾಗಿ ಕೂತಾಗ.

ಔಷಧಿ ಅಂಗಡಿಯಲ್ಲಿ ಅವಳು ಬಾಯಿ ತೆರೆಯದೆ ತಲೆಯತ್ತ ಬೆರಳು ತೋರಿಸಿದಳು. "ಹೊಟ್ಟಾ?" ಎಂದ ಅಂಗಡಿಯವನು, ಹಿಂದೆ ನಿಂತವರಿಗೆಲ್ಲ ಕೇಳುವ ಹಾಗೆ. "ಇದು ಔಷಧಿ ಶಾಂಪೂ ತಾಯಿ, ಘಮಘಮ ಅನ್ನೋದಲ್ಲ. ಕೂದಲಿಗಲ್ಲ, ಬುಡಕ್ಕೆ ಹಚ್ಚಿ ಐದು ನಿಮಿಷ ಬಿಡ್ಬೇಕು. ವಾರಕ್ಕೆ ಎರಡೇ ಸಲ. ಎಣ್ಣೆ ಬೇಡ. ಫಂಗಸ್ಸು ಭಾಳ ಹಟಮಾರಿ, ವಾರಗಟ್ಟಲೆ ಹಿಡಿಯತ್ತೆ." ಅವಳು ಸೀಸೆಯನ್ನು ಕದ್ದ ಮಾಲಿನಂತೆ ಚೀಲಕ್ಕೆ ತುರುಕಿದಳು.

ಐದು ನಿಮಿಷ ಎಂದು ಹೇಳುವುದು ಸುಲಭ. ಮನೆಗೆಲ್ಲ ಒಂದೇ ಸ್ನಾನದ ಮನೆ. ಅವಳು ನೊರೆ ಹಚ್ಚಿ ಕಣ್ಣುಮುಚ್ಚಿ ನಿಲ್ಲುವಷ್ಟರಲ್ಲಿ ಅಣ್ಣ ಬಾಗಿಲು ಬಡಿಯುತ್ತಿದ್ದ. "ಏಯ್, ಒಳಗೇ ಸಂಸಾರ ಹೂಡಿದ್ಯೇನೇ? ನಂಗೆ ಆಫೀಸಿಲ್ವಾ?" ಅರ್ಧಕ್ಕೇ ನೀರು ಸುರಿದುಕೊಂಡು ಹೊರಬಂದರೆ ಅತ್ತೆ ಕಾದಿರುತ್ತಿದ್ದರು. ಅಮ್ಮ ಹೋದ ಮೇಲೆ ಅವಳನ್ನು ಮಡಿಲಿಗೆ ಹಾಕಿಕೊಂಡ ಅಪ್ಪನ ತಂಗಿ. "ಅಯ್ಯೋ, ಕೂದಲು ನೋಡೇ, ಪೊರಕೆ ಆಗಿದೆ! ಬಾ ಇಲ್ಲಿ" ಎಂದು ಕೂರಿಸಿ ಅಂಗೈ ತುಂಬ ಎಣ್ಣೆ ಹಾಕಿ ತಟ್ಟುತ್ತಿದ್ದರು. 'ಬೇಡ ಅತ್ತೆ' ಎನ್ನಬೇಕು ಎಂದುಕೊಂಡರೂ ಆ ಕೈಗಳ ಕೆಳಗೆ ಅವಳ ತಲೆ ತಾನಾಗಿ ಬಾಗುತ್ತಿತ್ತು.

ವಾರಗಳ ಮಾತು ಕೇಳುವ ವ್ಯವಧಾನ ಅವಳಿಗೆಲ್ಲಿತ್ತು? ವಾರಕ್ಕೆರಡು ಸಲ ಎಂದದ್ದನ್ನು ದಿನಾ ಮಾಡಿದಳು. ಬುರುಡೆ ಉರಿಯಿತು, ಒಣಗಿತು, ಕೆರೆಯಿತು. ಕೆರೆದರೆ ಮತ್ತಷ್ಟು ಉದುರಿತು. ಒಂದು ದಿನ ಬಿಗಿಯಾಗಿ ಸ್ಕಾರ್ಫ್ ಕಟ್ಟಿಕೊಂಡು ಕೆಲಸಕ್ಕೆ ಹೋದಳು. "ಏನ್ ಡಿಗ್ರಿ, ಮನೆಗೆ ಸುಣ್ಣ ಹೊಡೀತಿದ್ದೀಯಾ?" ಎಂದರು ಯಜಮಾನರು. ತಮಾಷೆಗೇ ಅಂದದ್ದು. ಅವಳು ಕಿವಿಯವರೆಗೂ ಕೆಂಪಾಗಿ, ಮಧ್ಯಾಹ್ನದೊಳಗೆ ಅದನ್ನು ಬಿಚ್ಚಿ ಚೀಲಕ್ಕೆ ಹಾಕಿಬಿಟ್ಟಳು. ಆ ಮಧ್ಯಾಹ್ನ ಅವಳು ಎರಡನೇ ಸಲ ಬಿಚ್ಚಿ ಮುಚ್ಚಿದ್ದು ಒಬ್ಬ ಮುದುಕರ ಫೋಟೋ, ಕಪ್ಪು ಕೋಟು, ಕಪ್ಪು ರಟ್ಟು.

ಮರುದಿನ ಆ ಮುದುಕರ ಮಗಳು ಫೋಟೋ ಹೊತ್ತು ಬಂದಳು. ಎರಡು ಸಲ ಬಿಚ್ಚಿ ಕಟ್ಟಿಕೊಟ್ಟಿದ್ದ ಫೋಟೋ ಅದು. "ನೋಡಿ ಸ್ವಾಮಿ, ನಮ್ಮಪ್ಪನ ಕೋಟಿನ ಮೇಲೆ ಮತ್ತೆ! ಬದುಕಿದ್ದಾಗ ಒಂದು ಕಲೆ ಇರದ ಹಾಗೆ ಬಟ್ಟೆ ಹಾಕ್ತಿದ್ದೋರು ಅವರು" ಎಂದು ಮೇಜಿನ ಮೇಲಿಟ್ಟು, ಅಳು ನುಂಗಿಕೊಂಡು ಹೋದಳು.

ಯಜಮಾನರು ಫೋಟೋವನ್ನು ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ಮೆತ್ತಗೆ, "ದೊಡ್ಡಪ್ಪಾ, ಸಾಕು. ಇನ್ಮೇಲೆ ಗಾಜು ಕತ್ತರಿಸಿದ್ದನ್ನೇ ಹೊರಗಿಂದ ತರಿಸ್ತೀನಿ. ನೀವು ಮನೇಲಿ ಆರಾಮಾಗಿರಿ" ಎಂದರು. ಬೈದಿದ್ದರೆ ವಾಸಿಯಿತ್ತು.

ದೊಡ್ಡಪ್ಪ ಗಾಜು ಕೊಯ್ಯುವ ಕಟರನ್ನು ಬಟ್ಟೆಯಲ್ಲಿ ಸುತ್ತಿದರು. "ನೀವ್ ಹೇಳೋದೂ ಸರೀನೇ. ನಂಗೆ ಚೊಕ್ಕ ಅಂತ ಕಾಣ್ಸಿದ್ದು ಚೊಕ್ಕ ಇರಲ್ಲ ಅಂದ್ಮೇಲೆ..." ಎಂದರು. ಕನ್ನಡಕ ತೆಗೆದು, ಅದು ಯಾರದೋ ವಸ್ತು ಎಂಬಂತೆ ನೋಡಿದರು. ಆಮೇಲೆ ಫೋಟೋ ಹಿಡಿದು ಅವಳ ಮೇಜಿನ ಹತ್ತಿರ ಬಂದರು.

"ಮಗಾ, ನಿನ್ ಕಣ್ಣು ಎಳೇದು. ನೀನ್ ಹೇಳು. ಇದು ಗಾಜಿನ ಪುಡೀನೇ ಅಲ್ವಾ? ಹೌದು ಅಂದ್ಬಿಡು, ನಂಗೂ ಸಮಾಧಾನ. ಹೋಗಿ ಮನೇಲಿ ಕೂತ್ಕೋತೀನಿ."

ಹೌದು ಎನ್ನುವುದು ಎಷ್ಟು ಸಲೀಸಾಗಿತ್ತು. ತಲೆಯಾಡಿಸಿದರೂ ಸಾಕಿತ್ತು, ಆದರೆ ಆಡಿಸಿದರೆ ಮತ್ತಷ್ಟು ಉದುರುತ್ತದೆ ಎಂಬ ಭಯಕ್ಕೆ ಅವಳು ಕತ್ತನ್ನು ಕಲ್ಲಿನಂತೆ ಹಿಡಿದು ಕೂತಿದ್ದಳು. ಯಜಮಾನರು ಇತ್ತ ತಿರುಗಿದರು. ಅವರ ನಗೆ, ನಾಳೆಯಿಂದ ಅಂಟುವ ಹೊಸ ಅಡ್ಡಹೆಸರು, ಬೀದಿಗೆಲ್ಲ ಹಬ್ಬುವ ಸುದ್ದಿ, ಎಲ್ಲ ಅವಳ ಕಣ್ಣ ಮುಂದೆ ಸಾಲಾಗಿ ಹಾದುಹೋದವು. ದೊಡ್ಡಪ್ಪ ಇನ್ನೂ ಕಾಯುತ್ತಿದ್ದರು, ಕಣ್ಣು ಕಿರಿದು ಮಾಡಿಕೊಂಡು.

"ನಿಮ್ ಕಣ್ಣು ಸರಿಯಾಗೇ ಇದೆ ದೊಡ್ಡಪ್ಪಾ," ಎಂದಳು ಅವಳು, ಅಂಗಡಿಗೆಲ್ಲ ಕೇಳುವ ಹಾಗೆ. "ಅದು ನನ್ ತಲೆಯಿಂದ ಉದುರಿದ್ದು."