ಮೊದಲು ದೀಪ

ಆ ವರ್ಷ ಪ್ಲೇಗಿಗೆ ಹೆದರಿ ಹೊನ್ನಾಳಿಗೆ ಹೊನ್ನಾಳಿಯೇ ಹೊಲದ ಗುಡಿಸಲುಗಳಿಗೆ ಎದ್ದು ಹೋಗಿತ್ತು. ರೋಗ ಇಳಿದ ಮೇಲೆ ಮನೆಗಳನ್ನು ತೊಳೆದು ಸುಣ್ಣ ಬಳಿಯಲು ಶಿವಮೊಗ್ಗದ ಕಾಲೇಜಿನಿಂದ ನಾವು ಹತ್ತು ಹುಡುಗರು ಬಂದೆವು. ಮನೆಮಂದಿಯೆಲ್ಲ ಸೂಜಿ ಹಾಕಿಸಿಕೊಂಡರೆ ಮಾತ್ರ ಮನೆಯೊಳಗೆ ಸೇರಲು ಅಪ್ಪಣೆ ಚೀಟಿ. ಜನರನ್ನು ಒಪ್ಪಿಸುವ ಕೆಲಸ ನನ್ನದು, ಏಕೆಂದರೆ ಎಲ್ಲರಿಗಿಂತ ನನ್ನ ಬಾಯಿಯೇ ದೊಡ್ಡದು. ಕಾಲೇಜಿನಲ್ಲಿ ಸೂಜಿ ಹಾಕುವ ದಿನ ನಾನೇ ಹೆದರಿ ತಪ್ಪಿಸಿಕೊಂಡದ್ದು ಮಾತ್ರ ಯಾರಿಗೂ ತಿಳಿದಿರಲಿಲ್ಲ.

ಬೀದಿಯೆಲ್ಲ ಒಪ್ಪಿತು, ಚೌಡಕ್ಕ ಒಬ್ಬಳು ಒಪ್ಪಲಿಲ್ಲ. ಅವಳ ಮಗ, ಸೊಸೆ ಆಗಲೇ ಹಾಕಿಸಿಕೊಂಡಿದ್ದರು. ಸೊಸೆ ಪ್ರೇಮಮ್ಮ ಹಸಿ ಬಾಣಂತಿ. ಮುಂಗಾರು ಹತ್ತಿರ ಬಂದಿತ್ತು, ಗುಡಿಸಲು ಸೋರುವುದು ಖಂಡಿತ. ಮೂರು ದಿನ ಭಾಷಣ ಮಾಡಿದೆ. ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಯಿತು. ನನಗೆ ಸಿಟ್ಟು ನೆತ್ತಿಗೇರಿತ್ತು.

ನಾಲ್ಕನೆಯ ದಿನ ಗುಡಿಸಲಲ್ಲಿ ಜೋಳ ತೀರಿತು. ಚೌಡಕ್ಕ ಊರೊಳಗೆ ಬಂದು ತನ್ನ ಮನೆಯಂಗಳದ ಹಗೇವಿನ ಚಪ್ಪಡಿಯನ್ನು ನಮ್ಮಿಂದ ತೆಗೆಸಿದಳು. ನೆಲದೊಳಗಿನ ಆ ಜೋಳದ ಗುಂಡಿಗೆ ನಾನು ಧೀರನಂತೆ ಕಾಲು ಇಳಿಬಿಟ್ಟೆ. ಹಿಂದಿನಿಂದ ಅಂಗಿ ಹಿಡಿದು ಎಳೆದಳು.

"ಸಾಯಾಕೆ ಹೊಂಟೀಯೇನೋ? ಮೊದ್ಲು ದೀಪ ಇಳೀಬೇಕು ತಮ್ಮ, ಆಮೇಲೆ ಮನುಷ್ಯ."

ಬುಡ್ಡಿಗೆ ಹಗ್ಗ ಕಟ್ಟಿ ಇಳಿಸಿದಳು. ಮಾರುದ್ದ ಹೋಗುವಷ್ಟರಲ್ಲಿ ದೀಪ ಆರಿತು. ಕೆಟ್ಟ ಗಾಳಿಯಲ್ಲಿ ದೀಪ ಆರುವುದನ್ನು ಪರೀಕ್ಷೆಯಲ್ಲಿ ಬರೆದು ಪೂರ್ತಿ ಅಂಕ ಪಡೆದವನು ನಾನು.

ಬೇವಿನ ಸೊಪ್ಪಿನ ಹೊರೆಯನ್ನು ಹಗ್ಗಕ್ಕೆ ಕಟ್ಟಿಸಿ, ಮಧ್ಯಾಹ್ನದವರೆಗೆ ಮೇಲೆ ಕೆಳಗೆ ಆಡಿಸಿ ಗಾಳಿ ಹೊರಡಿಸಿದಳು. ಮತ್ತೆ ಇಳಿಸಿದ ದೀಪ ತಳದಲ್ಲಿ ನೆಟ್ಟಗೆ ಉರಿಯಿತು. ಆಗ ನಾನು ಇಳಿದು ಜೋಳ ತುಂಬಿ ಕೊಟ್ಟೆ.

ಮೇಲೆ ಬಂದವನು ಸೂಜಿಯ ಮಾತೆತ್ತಲಿಲ್ಲ.

"ಯಾಕೆ ತಮ್ಮ, ಇವತ್ತು ನಿನ್ನ ಪುರಾಣ ಇಲ್ಲ? ಅದಿರ್ಲಿ, ನೀ ಹಾಕಿಸ್ಕಂಡೀಯೇನು?"

"ಇಲ್ಲವ್ವ. ಹೆದ್ರಿಕೆ."

ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. "ಹೇಳೋದು ಆಚಾರ, ತಿನ್ನೋದು ಬದ್ನೆಕಾಯಿ. ನಡಿ."

ಕೈ ಹಿಡಿದು ಚಾವಡಿಗೆ ಎಳೆದೊಯ್ದು ಕಂಪೌಂಡರ್ ಓಂಕಾರಪ್ಪನ ಮುಂದೆ ನಿಲ್ಲಿಸಿದಳು. "ಮೊದ್ಲು ಇವಂಗೆ ಹಾಕ್ರಿ. ಇವ್ನೇ ನನ್ನ ದೀಪ."

ಕಣ್ಣು ಮುಚ್ಚಿ ತೋಳು ಕೊಟ್ಟೆ. ಚುರುಕ್ ಎಂದಿತು, ಅಷ್ಟೇ. ಕಣ್ಣು ಬಿಟ್ಟಾಗ ಚೌಡಕ್ಕ ನನ್ನ ಮುಖವನ್ನೇ ನೋಡುತ್ತಿದ್ದಳು.

"ಆರಿಲ್ಲ" ಎಂದು ಕುಪ್ಪಸದ ತೋಳು ಮೇಲೇರಿಸಿದಳು. "ಬಾಣಂತಿ ಕಾಯ್ತಾ ಐದಾಳೆ, ಚೀಟಿ ಬರೀರಿ."