ಫೋಟೋ ಪಿಲ್ಲರ್

"ನಿನ್ನ ಕೈಗೆ ಹಾವು ಕಚ್ಚ! ಮಗಳ ಜಡೆ ಹೆಣೀತಿದ್ದೀಯೇನೇ? ಬೇಗ ಕಟ್ಟೇ ಮುಂಡೇದೆ, ಸಾಹೇಬ್ರ ಕಾರು ಗೇಟಿಗೆ ಬಂದಾಯ್ತು!"

ಮೇಸ್ತ್ರಿ ಅರಚುತ್ತಿದ್ದ. ಅವಳು ತಲೆ ಎತ್ತಲಿಲ್ಲ. ಕಂಬಿಗೂ ಅದರ ಸುತ್ತಲಿನ ರಿಂಗಿಗೂ ಸೇರಿಸಿ ತಂತಿ ಸುತ್ತುವುದು, ಕೊಕ್ಕೆ ಸಿಕ್ಕಿಸಿ ಎರಡು ಸಲ ತಿರುವುವುದು, ಎಳೆಯುವುದು. ಎಂಟು ವರ್ಷದಿಂದ ಅದೇ ಕೆಲಸ. ಕೆಲಸವಿಲ್ಲದಾಗಲೂ ಕೊಕ್ಕೆ ಸೊಂಟದಲ್ಲೇ ಇರುತ್ತಿದ್ದುದರಿಂದ ಎಲ್ಲರಿಗೂ ಅವಳು ಕೊಕ್ಕೆಯಕ್ಕ.

ಐದನೇ ಮಹಡಿಯಲ್ಲಿ ಮೆಟ್ಟಿಲ ಪಕ್ಕದ ಮೂಲೆಗಂಬ ಅದು. ಹದಿನಾರು ಕಂಬಿ, ನಾಲ್ಕು ಬೆರಳಿಗೊಂದು ರಿಂಗು, ಎಲ್ಲವೂ ನಕ್ಷೆಯಲ್ಲಿ ಬರೆದ ಹಾಗೆ. ಪ್ರತಿ ಮಹಡಿಯಲ್ಲೂ ನಕ್ಷೆಯ ಹಾಗೆ ಕಟ್ಟುತ್ತಿದ್ದುದು ಇದೊಂದನ್ನೇ. ಉಳಿದವಕ್ಕೆ ಆಗಲೇ ಹಲಗೆ ಬಡಿದಾಗಿರುತ್ತಿತ್ತು. ಹಲಗೆಯ ಹಿಂದೆ ಏನಿದೆ ಎಂದು ಕೇಳುವುದು ಮರ್ಯಾದಸ್ಥರ ಲಕ್ಷಣವಲ್ಲ. ಕೆಲಸದವರ ಬಾಯಲ್ಲಿ ಮೂಲೆಗಂಬದ ಹೆಸರು ಫೋಟೋ ಪಿಲ್ಲರ್. ಅದು ಮೆಟ್ಟಿಲ ಪಕ್ಕದಲ್ಲೇ ಇರಬೇಕಾಗಿತ್ತು, ಏಕೆಂದರೆ ತಪಾಸಣೆಗೆ ಬರುವ ಇಂಜಿನಿಯರಿಗೆ ಮಂಡಿನೋವು.

ಇಂಜಿನಿಯರ್ ಏದುಸಿರು ಬಿಡುತ್ತಾ ಹತ್ತಿ ಬಂದರು. ಕಂಬಿಗಳ ಪಕ್ಕ ಅಳತೆಪಟ್ಟಿ ಹಿಡಿದು ನಿಂತು ಫೋಟೋ ತೆಗೆಸಿಕೊಂಡರು. "ಭೇಷ್. ಪುಸ್ತಕದಲ್ಲಿ ಇದ್ದ ಹಾಗಿದೆ," ಎಂದರು. ಕೆಳಗಿನ ಮಹಡಿಯಿಂದ ಎದ್ದು ಬಂದ ಕಂಬಿ ಎಂಟೇ, ಮಿಕ್ಕ ಎಂಟು ಪಕ್ಕದಲ್ಲಿ ನೆಂಟರ ಹಾಗೆ ನಿಂತಿವೆ ಎಂಬುದು ಬಗ್ಗಿ ನೋಡಿದ್ದರೆ ಕಾಣುತ್ತಿತ್ತು. ಸಾಹೇಬರ ಸೊಂಟ ಬಗ್ಗುವ ಜಾತಿಯದಲ್ಲ. ತಣ್ಣನೆಯ ಬಾಟಲಿ ಕುಡಿದು, ಸಹಿ ಹಾಕಿ, ಇಳಿದು ಹೋದರು.

"ಬಿಚ್ಚೇ," ಎಂದ ಮೇಸ್ತ್ರಿ.

ಅವಳು ಬಿಚ್ಚಿದಳು. ಪ್ರತಿ ಮಹಡಿಯಲ್ಲೂ ಹಾಕಿ ತೆಗೆದ ಅದೇ ಎಂಟು ಕಂಬಿ ಹೊರಬಂದವು. ಅವುಗಳಷ್ಟು ಫೋಟೋ ತೆಗೆಸಿಕೊಂಡ ಮದುವಣಗಿತ್ತಿ ಊರಲ್ಲೇ ಇರಲಿಕ್ಕಿಲ್ಲ. ನೆಲಮಹಡಿಯಿಂದ ಇಲ್ಲಿಯವರೆಗೆ ಪ್ರತಿ ಮಹಡಿಯಲ್ಲೂ ಸಿಂಗಾರ, ಪ್ರತಿ ಮಹಡಿಯಲ್ಲೂ ಫೋಟೋ. ಒಮ್ಮೆಯೂ ಗಂಡನ ಮನೆ ಸೇರಲಿಲ್ಲ. ಬಿಚ್ಚುವಾಗ ಅವಳಿಗೆ ಏನೂ ಅನಿಸುತ್ತಿರಲಿಲ್ಲ. ಕಟ್ಟು ಎಂದರೆ ಕಟ್ಟುವುದು, ಬಿಚ್ಚು ಎಂದರೆ ಬಿಚ್ಚುವುದು. ಯಾರದೋ ಮನೆ.

ಆದರೆ ಸದ್ಯಕ್ಕೆ ಆ ಕಟ್ಟಡದಲ್ಲಿ ಸಂಸಾರ ಮಾಡುತ್ತಿದ್ದವರು ಕೆಲಸದವರೇ. ಕೆಳಗೆ, ಕಾರು ನಿಲ್ಲಿಸಲೆಂದು ಬಿಟ್ಟ ನೆಲಮಹಡಿಯಲ್ಲಿ, ಸಿಮೆಂಟ್ ಚೀಲಗಳ ಪರದೆ ಕಟ್ಟಿಕೊಂಡು ಒಂಬತ್ತು ಮನೆಯವರು. ಅವಳ ಜಾಗ ಮೂಲೆಗಂಬದ ಬುಡದಲ್ಲಿ. ಅಲ್ಲಿ ಗಾಳಿ ಬರುತ್ತಿತ್ತು. ಕಂಬಕ್ಕೂ ಕಿಟಕಿಯ ಸರಳಿಗೂ ಹಗ್ಗ ಹಾಕಿ ಸೀರೆಯ ತೊಟ್ಟಿಲು ಕಟ್ಟಬಹುದಾಗಿತ್ತು. ಅದಕ್ಕಾಗಿ ಪಕ್ಕದವಳ ಜೊತೆ ಜಗಳ ಮಾಡಿ ಹಿಡಿದುಕೊಂಡ ಜಾಗ.

ಸಂಜೆ ಇಳಿದು ಬಂದಾಗ ಅತ್ತೆ ಕಂಬಕ್ಕೆ ಕಿವಿಯಿಟ್ಟು ಕೂತಿದ್ದಳು.

"ಏ ಹುಡುಗಿ, ಈ ಕಂಬ ನರಳ್ತದೆ ಕಣೇ."

"ನಿಮ್ಮ ಕಿವಿ ನರಳ್ತಿರಬೇಕು ಅತ್ತೆ."

"ಮಧ್ಯಾಹ್ನ ಕಾಂಕ್ರೀಟು ಮಷಿನ್ನು ನಿಂತಾಗ ಕೇಳ್ತದೆ. ನಿನ್ನ ಮಾವನೂ ಹಿಂಗೇ ನರಳಿದ್ದು. ಮೂರು ದಿನ. ನಾಲ್ಕನೇ ದಿನ ಸುಮ್ಮನಾದ."

ನಗಬೇಕೆಂದುಕೊಂಡು ಅವಳು ತೊಟ್ಟಿಲಿಗೆ ಬಗ್ಗಿದಳು. ಮಗುವಿನ ಹಣೆಯ ಮೇಲೆ ಜರಡಿ ಹಿಡಿದಂಥ ಬೂದು ಪುಡಿ. ಸೆರಗಿನಿಂದ ಒರೆಸಿ ಮೇಲೆ ನೋಡಿದಳು. ಬೀಮಿನ ಸಂದಿಯಿಂದ ಹೊರಟ ಗೀರೊಂದು ಕಂಬದ ಮೇಲೆ ಓರೆಯಾಗಿ ಇಳಿದಿತ್ತು. ಉಗುರು ಇಟ್ಟಳು. ಉಗುರು ಒಳಗೆ ಹೋಯಿತು.

ಆ ಕಂಬದ ಒಳಗೇನಿದೆ ಎಂದು ಕಾಗದಗಳಿಗೆ ಗೊತ್ತಿರಲಿಲ್ಲ. ಅವಳ ಹತ್ತು ಬೆರಳಿಗೆ ಗೊತ್ತಿತ್ತು.

ಮರುದಿನ ಇಂಜಿನಿಯರ್ ಕಾರಿನಿಂದ ಇಳಿಯುವ ಮೊದಲೇ ಹೋಗಿ ನಿಂತಳು. ಕಟ್ಟಡ ಕಟ್ಟಿಸಿ ಮಾರುವ ಕಂಟ್ರಾಕ್ಟರೂ ಅಲ್ಲೇ ಇದ್ದ. ಕೈಕಟ್ಟಿ ಹೇಳಿದಳು. ಇಬ್ಬರೂ ನೆಲಮಹಡಿಗೆ ಬಂದು, ಒಣಹಾಕಿದ ಲಂಗಗಳನ್ನು ಪೆನ್ನಿನಿಂದ ಸರಿಸಿ, ಗೀರು ನೋಡಿದರು.

"ಇದು ಬಿರುಕಲ್ಲಮ್ಮ," ಎಂದರು ಇಂಜಿನಿಯರ್. "ಹೊಸ ಕಟ್ಟಡ ಕೂತ್ಕೊಳ್ತಿದೆ. ನೀನು ಕೂತ್ಕೊಂಡಾಗ ನಿನ್ನ ಸೊಂಟ ಚಟಚಟ ಅನ್ನಲ್ವಾ?"

ಹಿಂದೆಯೇ ಬಂದಿದ್ದ ಮೇಸ್ತ್ರಿ ಎಲ್ಲರಿಗಿಂತ ಜೋರಾಗಿ ನಕ್ಕ.

"ಪಾಸಾಗಿರೋ ನಕ್ಷೆ ನಾಲ್ಕು ಮಹಡಿಗೆ ಅಂತೆ ಸಾಹೇಬ್ರೇ. ಈಗ ಐದು ಎದ್ದಿದೆ. ಆರನೇದೂ ಅಂತಿದ್ದಾರೆ," ಎಂದಳು ಅವಳು.

"ಇಂಜಿನಿಯರ್ ಯಾರು, ನಾನೋ ನೀನೋ? ನಾವು ಲೆಕ್ಕ ಹಾಕುವಾಗ ಸ್ವಲ್ಪ ಹೆಚ್ಚುವರಿ ಬಲ ಇಟ್ಟೇ ಇರ್ತೀವಿ. ಆ ಹೆಚ್ಚುವರಿ ಬಲದ ಮೇಲೇ ಐದನೇ ಮಹಡಿ ನಿಂತಿರೋದು. ವಿಜ್ಞಾನ ಇದು."

"ಬಲ ಇಟ್ಟಿರೋದು ಕಾಗದದಲ್ಲಿ. ಇದರೊಳಗೆ ಹದಿನಾರಿಲ್ಲ, ಎಂಟೇ ಇರೋದು."

ಇಂಜಿನಿಯರ್ ವಾಚು ನೋಡಿಕೊಂಡು, ಕಿವಿಗೆ ಏನೂ ಬೀಳದವರ ಹಾಗೆ ಕಾರಿನ ಕಡೆ ನಡೆದರು. ಕಂಟ್ರಾಕ್ಟರ್ ಎರಡೂ ಕೈ ಅವಳ ಮುಖದ ಮುಂದೆ ಚಾಚಿದ.

"ನೋಡೇ. ನನ್ನ ಕೈಲಿ ತುಕ್ಕಿದೆಯಾ? ನಿನ್ನ ಕೈ ನೋಡ್ಕೋ. ಕಂಬಿ ಬಿಚ್ಚಿದ್ದು ಯಾರು? ನಾನಾ? ಪೊಲೀಸರು ಬಂದ್ರೆ ಯಾರ ಕೈ ನೋಡ್ತಾರೆ, ಕಳ್ಳಮುಂಡೆ? ಅನ್ನ ಹಾಕಿದ ಕಟ್ಟಡಕ್ಕೇ ಬಾಯಿ ಹಾಕ್ತೀಯಾ? ಬಿಟ್ಟಿ ಸೂರು ಕೊಟ್ಟಿದ್ದೀನಿ, ತೆಪ್ಪಗೆ ಬಿದ್ದಿರು."

ಅವಳು ತನ್ನ ಅಂಗೈ ನೋಡಿಕೊಂಡಳು. ಕೆಂಪಗಿತ್ತು. ಎಷ್ಟು ಉಜ್ಜಿದರೂ ಹೋಗದ ಕೆಂಪು.

ಮಧ್ಯಾಹ್ನ ಗೀರಿನ ಮೇಲೆ ಸಿಮೆಂಟ್ ಬಳಿದರು, ಅದರ ಮೇಲೆ ಬಿಳಿ ಬಣ್ಣ ಹೊಡೆದರು. ಕಂಬ ಪೌಡರ್ ಹಾಕಿಕೊಂಡ ಮುದುಕನ ಹಾಗೆ ನಿಂತಿತು. ಅವಳು ತೊಟ್ಟಿಲನ್ನು ಬಿಚ್ಚಿ ಪಕ್ಕದ ಕಂಬಕ್ಕೆ ಕಟ್ಟಿದಳು. ಅದರೊಳಗೂ ಎಂಟೇ, ಅವಳೇ ಕಟ್ಟಿದ್ದು. ಅದರಾಚೆಯದಕ್ಕೆ ಕಟ್ಟಿದಳು. ಅದೂ ಅವಳೇ ಕಟ್ಟಿದ್ದು. ಕೊನೆಗೆ ಮಗುವನ್ನು ಬೆನ್ನಿಗೆ ಕಟ್ಟಿಕೊಂಡೇ ಕೆಲಸಕ್ಕೆ ಹೋಗತೊಡಗಿದಳು.

"ನೀನೊಬ್ಬಳೇ ಏನು ಸಾಯೋಳು?" ಎಂದ ಗಂಡ. ಅವನು ಕಾಂಕ್ರೀಟ್ ಕಲಸುವ ಮಷಿನ್ನಿನವನು. "ಎಲ್ಲರಿಗೂ ಆದದ್ದು ನಮಗೂ ಆಗ್ತದೆ."

ಅವಳು ಬೆನ್ನಿಗೆ ಕಟ್ಟಿದ ಸೀರೆಯ ಗಂಟನ್ನು ಇನ್ನಷ್ಟು ಬಿಗಿದಳು. ಹದಿನೈದು ದಿನ ಹೀಗೇ ಕಳೆಯಿತು.

ಐದನೇ ಮಹಡಿಯ ಸ್ಲ್ಯಾಬ್ ಹಾಕುವ ದಿನವೇ ಕಂಟ್ರಾಕ್ಟರ್ ಮನೆ ಕೊಂಡವರನ್ನೂ ಕರೆಸಿದ್ದ; ಕೆಲಸ ಭರದಿಂದ ಸಾಗುವುದನ್ನು ಅವರು ಕಣ್ಣಾರೆ ನೋಡಲಿ ಎಂದು. ಗೇಟಿನ ಬಳಿ ಮಾರಾಟದ ಆಫೀಸು. ಒಂಟಿ ಕೋಣೆ, ತಗಡಿನ ಸೂರು, ಒಳಗೆ ತಂಪು ಮಷಿನ್ನು, ಮೆತ್ತನೆಯ ಸೋಫಾ, ಗಾಜಿನ ಪೆಟ್ಟಿಗೆಯಲ್ಲಿ ಕಟ್ಟಡದ ಆಟಿಕೆ. ಗೋಡೆಯ ಮೇಲೆ "ನೂರು ವರ್ಷದ ನೆಮ್ಮದಿ" ಎಂದು ದೊಡ್ಡ ಅಕ್ಷರ.

ಬೆಳಗ್ಗೆಯಿಂದ ಮೇಲೆ ಕಾಂಕ್ರೀಟು ಏರುತ್ತಿತ್ತು, ಇಂಜಿನಿಯರ್ ಕಾರು ಗೇಟಿನ ಒಳಗೇ ನಿಂತಿತ್ತು. ಅರ್ಧ ಸ್ಲ್ಯಾಬ್ ಮುಗಿದಿತ್ತು. ಮಗುವಿಗೆ ಗಂಜಿ ಕುಡಿಸಲು ಅವಳು ನೆಲಮಹಡಿಗೆ ಇಳಿದಳು. ಬಿಳಿ ಬಣ್ಣದ ಮೇಲೆ ಗೀರು ಮತ್ತೆ ಮೂಡಿತ್ತು. ಅವಳು ನೋಡುತ್ತಿದ್ದ ಹಾಗೇ ಅಂಗೈಯಗಲದ ಸಿಮೆಂಟಿನ ಹಕ್ಕಳೆ ಕಳಚಿ ಅತ್ತೆಯ ಹಾಸಿಗೆಯ ಮೇಲೆ ಬಿತ್ತು.

"ಏಳಿ ಅತ್ತೆ."

"ಎಲ್ಲಿಗೇ?"

"ಗಟ್ಟಿ ಮನೆಗೆ."

ಒಂದು ಕಂಕುಳಲ್ಲಿ ಮಗು, ಇನ್ನೊಂದರಲ್ಲಿ ಪಾತ್ರೆಯ ಗಂಟು. ಅತ್ತೆಯ ತಲೆಯ ಮೇಲೆ ಹಾಸಿಗೆ. ಅವಳು ಯಾರನ್ನೂ ಕರೆಯಲಿಲ್ಲ. ಪರದೆಗಳ ಸಂದಿಯಿಂದ ನೋಡಿದ ಹೆಂಗಸರು ಮೊದಲು ಅವಳ ಮುಖ ನೋಡಿದರು, ಆಮೇಲೆ ಕಂಬ ನೋಡಿದರು, ಆಮೇಲೆ ಅವರೂ ತಮ್ಮ ಗಂಟು ಕಟ್ಟಿದರು. ಜಾಗಕ್ಕಾಗಿ ಜಗಳವಾಡಿದ್ದ ಪಕ್ಕದವಳು ಅವಳ ಸ್ಟವ್ ಎತ್ತಿಕೊಂಡು ಹಿಂದೆಯೇ ಬಂದಳು. ಮಷಿನ್ನಿನ ಮುಂದೆ ಹಾದುಹೋಗುವಾಗ ಕೊಕ್ಕೆಯಕ್ಕ ಗಂಡನ ಕಡೆ ತಿರುಗಿಯೂ ನೋಡಲಿಲ್ಲ. ಅವನು ಹೆಂಡತಿಯನ್ನು ನೋಡಿದ, ತಾಯಿಯ ತಲೆಯ ಮೇಲಿನ ಹಾಸಿಗೆಯನ್ನು ನೋಡಿದ. ಮಷಿನ್ನು ಆರಿಸಿದ. ಆಮೇಲೆ ತಲೆಯೆತ್ತಿ ಮೇಲಿನವರಿಗೆ ಕೂಗಿದ:

"ಇಳೀರ್ರೋ! ಎಲ್ಲಾ ಇಳೀರಿ! ಮೆಲ್ಲಗೆ, ಓಡಬೇಡಿ!"

ಆಫೀಸಿನ ಬಾಗಿಲು ತೆರೆದಾಗ ಮಾರಾಟದ ಹುಡುಗಿ ಕಿರುಚಿದಳು. ಅತ್ತೆ ನೇರವಾಗಿ ಹೋಗಿ ಸೋಫಾದಲ್ಲಿ ಕೂತು, ಕೆಳಕ್ಕೆ ಮೇಲಕ್ಕೆ ಕುಣಿದು ನೋಡಿ, "ಇದು ನರಳಲ್ಲ ಕಣೇ," ಎಂದಳು. ಮಗು ಗಾಜಿನ ಪೆಟ್ಟಿಗೆಯ ಮೇಲೆ ಗಂಜಿಯ ಕೈ ಒತ್ತಿತು.

"ಏನಿದು? ಯಾರಮ್ಮಾ ನೀವೆಲ್ಲ?" ಕೇಳಿದವಳು ಮೂರನೇ ಮಹಡಿಯ ಮನೆ ಕೊಂಡ ನಿವೃತ್ತ ಟೀಚರ್. ಕಿಟಕಿ ಪರದೆಗೆ ಅಳತೆ ತೆಗೆಯಲೆಂದು ಟೇಪು ಹಿಡಿದು ಬಂದಿದ್ದಳು.

"ನಿಮ್ಮ ಮನೆ ಕೆಳಗೆ ಇರೋರು. ಅಲ್ಲಿ ಇರೋಕೆ ಭಯ ಆಗಿ ಬಂದ್ವಿ."

ಕಂಟ್ರಾಕ್ಟರ್ ಬಾಗಿಲು ತಳ್ಳಿಕೊಂಡು ನುಗ್ಗಿದ. "ಎದ್ದೇಳ್ರೇ, ಭಿಕಾರಿಗಳಾ! ಟೀಚರ್, ಇವಳ ಮಾತು ಕೇಳಬೇಡಿ. ಓದೋಕೆ ಬರೆಯೋಕೆ ಬರಲ್ಲ, ಇವಳಿಗೇನು ಗೊತ್ತು ಕಟ್ಟಡ?"

"ಓದೋಕೆ ಬರಲ್ಲ," ಎಂದಳು ಅವಳು. ಅಂಗೈಗಳನ್ನು ಟೀಚರ ಮುಂದೆ ಹಿಡಿದಳು. "ಕಟ್ಟಿದ್ದು ನಾನು, ಬಿಚ್ಚಿದ್ದೂ ನಾನು. ಹದಿನಾರು ಇರಬೇಕಾದ ಕಡೆ ಎಂಟು ಕಂಬಿ. ಪ್ರತಿ ಕಂಬದಲ್ಲೂ. ಪೊಲೀಸರನ್ನ ಕರೀರಿ. ಒಡೆದು ಎಣಿಸಲಿ. ಕಡಿಮೆ ಬಿದ್ದಷ್ಟಕ್ಕೂ ನಾನು ಜೈಲಿಗೆ ಹೋಗ್ತೀನಿ, ಮೊದಲು ಎಣಿಸಲಿ."

ಟೀಚರ ಟೇಪು ಕೈಜಾರಿ ಸುರ್ರನೆ ತನ್ನ ಡಬ್ಬಿಯೊಳಗೆ ಸೇರಿಕೊಂಡಿತು.

ಕಂಟ್ರಾಕ್ಟರ್ ಇಂಜಿನಿಯರಿಗಾಗಿ ಸುತ್ತ ಹುಡುಕಿದ. ಅವರ ಕಾರು ಆಗಲೇ ಹಿಂದಕ್ಕೆ ಸರಿದು ಗೇಟು ದಾಟುತ್ತಿತ್ತು. ಮೇಲಿಂದ ಇಳಿದ ಮೂವತ್ತು ಜನ ಅಂಗಳದಲ್ಲಿ ಗುಂಪಾಗಿ ನಿಂತಿದ್ದರು.

"ಹತ್ರೋ ನನ್ಮಕ್ಕಳಾ! ಸ್ಲ್ಯಾಬು ಅರ್ಧಕ್ಕೆ ನಿಂತಿದೆ, ಹೊತ್ತು ಮೀರಿದ್ರೆ ಹಾಕಿದ್ದೆಲ್ಲ ಹಾಳು! ಮೇಸ್ತ್ರೀ, ಹತ್ತಿಸೋ ಇವರನ್ನ!"

ಮೇಸ್ತ್ರಿ ಕಟ್ಟಡ ನೋಡಿದ, ತನ್ನ ಚಪ್ಪಲಿ ನೋಡಿಕೊಂಡ. "ನೀವು ಮುಂದೆ ಹೋಗಿ ಯಜಮಾನ್ರೇ," ಎಂದ ಮೆಲ್ಲಗೆ. "ನಾವು ಹಿಂದೆ ಬರ್ತೀವಿ."

"ಹೋಗ್ತೀನಿ ಕಣೋ! ನನ್ನ ಕಟ್ಟಡ! ನನಗೇನು ಭಯ?"

ಕಂಟ್ರಾಕ್ಟರ್ ಪ್ಯಾಂಟು ಮೇಲಕ್ಕೆಳೆದುಕೊಂಡು ದಾಪುಗಾಲು ಹಾಕಿ ಹೊರಟ. ಮೆಟ್ಟಿಲ ಬುಡಕ್ಕೆ ಬಂದ. ಮೂಲೆಗಂಬ ಪಕ್ಕದಲ್ಲೇ ಇತ್ತು. ಮಷಿನ್ನು ನಿಂತಿತ್ತು, ಆ ಜಾಗ ನಿಶ್ಶಬ್ದವಾಗಿತ್ತು. ಅವನು ಏನನ್ನೋ ಕೇಳಿಸಿಕೊಂಡವನ ಹಾಗೆ ತಲೆ ಓರೆ ಮಾಡಿದ.

ಮೇಲೆ ಕಾಂಕ್ರೀಟು ಗಟ್ಟಿಯಾಗುತ್ತಿತ್ತು. ಕಂಟ್ರಾಕ್ಟರನ ಒಂದು ಕಾಲು ಮೊದಲ ಮೆಟ್ಟಿಲ ಮೇಲಿತ್ತು. ಅಂಗಳದಲ್ಲಿದ್ದವರೆಲ್ಲ ಅವನ ಇನ್ನೊಂದು ಕಾಲನ್ನೇ ನೋಡುತ್ತಿದ್ದರು.