ಕಲ್ಲಂಗಡಿ ಹಣ್ಣಿನ ಸೀಟು

"ಮದುವೆಯಾದ ಮೊದಲ ಬೇಸಿಗೇಲೇ ನಿನ್ನನ್ನ ಹವಾರಿಯಾದ ಗುಹೆಗೆ ಕರ್ಕೊಂಡು ಹೋಗ್ತೀನಿ. ಅಲ್ಲಿ ನಿಂತ್ರೆ ಎದುರಿಗೇ ಇಟಲಿ ಕಾಣುತ್ತೆ, ನೋಡ್ತಿರು" ಎಂದು ಲಸಾದ್ ಮಾತು ಕೊಟ್ಟಿದ್ದು ಹದಿಮೂರು ವರ್ಷದ ಹಿಂದೆ, ನಿಶ್ಚಿತಾರ್ಥದ ದಿನ. ಹೂರಿಯಾ ಕಸ್ರೀನ್ ಗುಡ್ಡಗಾಡಿನ ಹುಡುಗಿ. ಅಲ್ಲಿಯವರೆಗೆ ಅವಳು ಕಂಡ ದೊಡ್ಡ ನೀರೆಂದರೆ ಶಾಲೆಯ ಹಿಂದಿನ ತೊಟ್ಟಿ. ಕೆಲಿಬಿಯಾದಲ್ಲಿ ಕಡಲಿಗೆ ಇನ್ನೂರು ಹೆಜ್ಜೆ ದೂರದ ಮನೆ, ಜೊತೆಗೆ ಗುಹೆ, ಅದರ ಮೇಲೆ ಇಟಲಿ ಬೇರೆ. ಒಪ್ಪಿದಳು.

ಕಡಲ ಪಕ್ಕದ ಮನೆಗೆ ಒಂದು ಗುಣವುಂಟು. ಚಳಿಗಾಲದಲ್ಲಿ ಅದಕ್ಕೆ ನೆಂಟರೇ ಇರುವುದಿಲ್ಲ. ಆಗಸ್ಟ್ ಬಂತೋ, ರಕ್ತಸಂಬಂಧ ಉಕ್ಕಿ ಹರಿಯುತ್ತದೆ. ಲಸಾದನ ತಂಗಿ ಸಲ್ವಾ, ಗಂಡ ಫೌಝಿ ಮತ್ತು ಅವಳಿ ಗಂಡುಮಕ್ಕಳ ಸಮೇತ ಕೈರವಾನಿನಿಂದ ಬಂದಿಳಿಯುತ್ತಿದ್ದಳು. "ಎರಡೇ ದಿನ ಅತ್ತಿಗೆ, ನಿನಗ್ಯಾಕೆ ತೊಂದರೆ" ಎನ್ನುವುದು ಅವಳ ಪೀಠಿಕೆ. ಮೂರನೇ ವಾರಕ್ಕೂ ಉಪಸಂಹಾರ ಬರುತ್ತಿರಲಿಲ್ಲ. ಪ್ರೀತಿಯಿಂದ ಒಂದು ಡಬ್ಬಿ ಖರ್ಜೂರದ ಮಕ್ರೂದ್ ತರುತ್ತಿದ್ದಳು. ಮೊದಲ ಕಾಫಿ ಮುಗಿಯುವಷ್ಟರಲ್ಲಿ ಅದನ್ನು ತಾವೇ ತಿಂದು ಮುಗಿಸಿ, ಹೂರಿಯಾಗೆ ಬಾಯಿ ಸಿಹಿ ಮಾಡಿಕೊಳ್ಳುವ ಕಷ್ಟವನ್ನೂ ತಪ್ಪಿಸುತ್ತಿದ್ದರು.

ಪ್ರತಿ ವರ್ಷ ಒಂದು ದಿನ ಗುಹೆಯ ಪ್ರವಾಸ. ಹೂರಿಯಾ ಬೆಳಗಿನ ಐದಕ್ಕೆದ್ದು ಮೆಣಸಿನಕಾಯಿ ಸುಟ್ಟು, ಮೊಟ್ಟೆ ಬೇಯಿಸಿ, ಹರೀಸಾ ಎಂಬ ಖಾರದ ಚಟ್ನಿ ಸವರಿದ ಬ್ರೆಡ್ಡು ಕಟ್ಟಿಕೊಡುವಳು. ಕಾರು ತುಂಬುವುದು. ಕೈಬೀಸಿ ಒಳಬಂದು ಸಂಜೆಯ ಕುಸ್‌ಕುಸ್‌ಗೆ ಮೀನು ಹಸನು ಮಾಡುವಳು. ಸಂಜೆ ಅವರು ಸುಟ್ಟ ಬದನೆಕಾಯಿಯಂತಾಗಿ ಬಂದು ಗುಹೆಯನ್ನು ವರ್ಣಿಸುತ್ತಿದ್ದರು. ಫೋಟೊ ಕೇಳಿದರೆ, "ಒಳಗೆ ಕತ್ತಲೆ ಮಾರಾಯ್ತಿ, ಏನೂ ಬರಲ್ಲ" ಎನ್ನುತ್ತಿದ್ದ ಲಸಾದ್. ಗುಹೆ ಹೇಗಿತ್ತು ಎಂದು ಅವಳಿಗಳನ್ನು ಕೇಳಿದರೆ "ಮರಳು ಇತ್ತು" ಎನ್ನುತ್ತಿದ್ದರು. ತವರಿನಲ್ಲಿ ಅಮ್ಮ ಕೇಳಿದಾಗಲೆಲ್ಲ ಹೂರಿಯಾ, "ನೋಡಿದೆ, ಚೆನ್ನಾಗಿದೆ" ಎಂದು ಗಂಡನ ಮಾನ ಉಳಿಸಿಕೊಂಡು ಬಂದಿದ್ದಳು. ಈ ಬೇಸಿಗೆ ಅಮ್ಮ ಫೋನಿನಲ್ಲಿ ಇನ್ನೊಂದು ಪ್ರಶ್ನೆ ಕೇಳಿದಳು: "ಒಳಗೆ ಏನಿದೆ ಮಗಳೇ?" "ಒಲೆ ಮೇಲೆ ಹಾಲಿದೆ ಅಮ್ಮ" ಎಂದು ಹೂರಿಯಾ ಫೋನ್ ಇಟ್ಟಳು.

ಹಾಗಾಗಿ ಈ ಸಲ ಬುತ್ತಿ ಕಟ್ಟಿದ ಮೇಲೆ ತಾನೂ ಚಪ್ಪಲಿ ಮೆಟ್ಟಿ ಕಾರಿನ ಬಳಿ ನಿಂತಳು.

"ನಾನೂ ಬರ್ತೀನಿ."

ಲಸಾದ್ ಕಾರಿನೊಳಗೆ ಇಣುಕಿದ. ಮುಂದೆ ಫೌಝಿ ಆಗಲೇ ಸೀಟು ಹಿಂದಕ್ಕೆ ಬಾಗಿಸಿ ಕಣ್ಣು ಮುಚ್ಚಿದ್ದ. ಹಿಂದೆ ಸಲ್ವಾ, ಒಬ್ಬ ಮಗ ಪಕ್ಕದಲ್ಲಿ, ಇನ್ನೊಬ್ಬ ತೊಡೆಯ ಮೇಲೆ. ಉಳಿದ ಸೀಟಿನಲ್ಲಿ ಬೆಲ್ಟು ಬಿಗಿದುಕೊಂಡು ಒಂದು ಕಲ್ಲಂಗಡಿ ಹಣ್ಣು ಕೂತಿತ್ತು.

"ಅದನ್ನ ಡಿಕ್ಕೀಲಿ ಹಾಕಿ" ಎಂದಳು ಹೂರಿಯಾ.

"ಅಯ್ಯೋ, ಡಿಕ್ಕೀಲಿ ಕೊಡೆ, ಕುರ್ಚಿ ಎಲ್ಲ ಇದೆ. ಉರುಳಿ ಒಡೆದು ಹೋಗುತ್ತೆ ಅತ್ತಿಗೆ!" ಸಲ್ವಾ ಹಣ್ಣಿನ ಬೆನ್ನು ಸವರಿದಳು. "ಹನ್ನೆರಡು ಕಿಲೋ ಇದೆ, ಪಾಪ."

"ನಾನು ಅರವತ್ತೆರಡು ಕಿಲೋ ಇದೀನಿ."

"ಅದಕ್ಕೇ ಹೇಳಿದ್ದು, ಇಕ್ಕಟ್ಟಾಗುತ್ತೆ" ಎಂದ ಫೌಝಿ, ಕಣ್ಣು ತೆರೆಯದೆ.

"ಬರೋ ವರ್ಷ ಖಂಡಿತ ಕಣೇ" ಎಂದ ಲಸಾದ್. "ಗುಹೆ ಎಲ್ಲಿಗೆ ಓಡಿ ಹೋಗುತ್ತೆ?"

ಕಾರು ಹೊರಟಿತು. ಕಲ್ಲಂಗಡಿ ಮಾತ್ರ ಗಂಭೀರವಾಗಿ ಕೂತು, ಹಿಂದೆ ತಿರುಗಿಯೂ ನೋಡದೆ ಪ್ರವಾಸಕ್ಕೆ ಹೋಯಿತು.

ಹೂರಿಯಾ ಒಳಗೆ ಬಂದು ಸಿಂಕಿನಲ್ಲಿದ್ದ ಮೀನುಗಳನ್ನು ನೋಡಿದಳು. ಮೀನುಗಳೂ ಬಾಯಿ ತೆರೆದು ಅವಳನ್ನು ನೋಡಿದವು. ನೀರು ಬಿಟ್ಟು, ಮೇಲೊಂದು ತಟ್ಟೆ ಮುಚ್ಚಿ, ಬಾಗಿಲಿಗೆ ಬೀಗ ಹಾಕಿದಳು. ಎಂಟು ಜನ ತುಂಬಿದರೆ ಹವಾರಿಯಾಗೆ ಹೊರಡುವ ಲುವಾಜ್ ವ್ಯಾನಿಗೆ ಅವಳೇ ಎಂಟನೆಯವಳು. ತಾನು ಹತ್ತಿದ್ದಕ್ಕೆ ಒಂದು ಗಾಡಿ ಹೊರಟಿದ್ದು ಅವಳ ಜೀವಮಾನದಲ್ಲಿ ಅದೇ ಮೊದಲು.

ಹತ್ತು ನಿಮಿಷವಾಗಿರಲಿಲ್ಲ, ಹಮ್ಮಾಮ್ ಗಝಾಝ್ ಕಡಲದಂಡೆಯಲ್ಲಿ ಒಬ್ಬ ಮುದುಕನನ್ನು ಇಳಿಸಲು ವ್ಯಾನು ನಿಂತಿತು. ರಸ್ತೆಯ ಕೆಳಗೆ ಲಸಾದನ ಕಾರು. ಅದರಾಚೆ ಅವಳೇ ಒಗೆದು ಮಡಚಿಟ್ಟಿದ್ದ ಪಟ್ಟೆಪಟ್ಟೆ ಕೊಡೆ, ಕೆಳಗೆ ಬಾಯಿ ತೆರೆದು ಮಲಗಿದ ಲಸಾದ್. ಕಲ್ಲಂಗಡಿಯನ್ನು ತಂಪಾಗಲೆಂದು ಒದ್ದೆ ಮರಳಲ್ಲಿ ಕುತ್ತಿಗೆವರೆಗೆ ಹೂತಿದ್ದರು. ಇಷ್ಟು ಪದ್ಧತಿಯಾಗಿ ಬಿಡಾರ ಹೂಡಬೇಕಾದರೆ ಒಂದು ವರ್ಷದ ಅಭ್ಯಾಸ ಸಾಲದು, ಹನ್ನೆರಡಾದರೂ ಬೇಕು.

"ಇಳೀತೀಯೇನಮ್ಮ ಇಲ್ಲಿ?" ಎಂದ ಚಾಲಕ.

"ಇಲ್ಲಣ್ಣ. ಕೊನೇವರೆಗೆ."

ಕೊನೆಯಲ್ಲಿ ಗುಹೆ ನಿಜಕ್ಕೂ ಇತ್ತು. ಅದನ್ನು ನೋಡಿ ಅವಳಿಗೆ ಸ್ವಲ್ಪ ಆಶ್ಚರ್ಯವೇ ಆಯಿತು. ಹಿಂದೆಂದೋ ಬಂಡೆ ಕಡಿದು ಕಲ್ಲು ಸಾಗಿಸಿದವರು ಬಿಟ್ಟುಹೋದ ಹೊಟ್ಟೆಯಂಥ ಜಾಗ, ನೆತ್ತಿಯ ತೂತಿನಿಂದ ಬೀಳುವ ಬೆಳಕು, ನಡುವೆ ಮಂಡಿಯೂರಿ ಕೂತ ಒಂಟೆಯಂಥ ಬಂಡೆ. ಕತ್ತಲೆ ಎಲ್ಲಿತ್ತೋ! ಹಳೆಯ ಫೋನಿನಲ್ಲೂ ಫೋಟೊ ಸೊಗಸಾಗಿ ಬಂತು. ಒಂಟೆಯ ಬೆನ್ನು ಸವರಿ, ಅದಕ್ಕೇ ಒರಗಿ ಕೂತಳು. ಯಾರೂ ಅವಳನ್ನು ನೀರು ಕೇಳಲಿಲ್ಲ. ಅಮ್ಮನಿಗೆ ಫೋನ್ ಮಾಡಿ, "ಒಳಗೆ ಒಂಟೆ ಇದೆ ಕಣಮ್ಮ" ಎಂದಳು. ಹೊರಗೆ ಬಂದು ಕಡಲಿನ ಕಡೆ ನೋಡಿದರೆ ಬರೀ ಮಬ್ಬು. ಆಮೇಲೆ ಗಂಡನಿಗೆ ಫೋನ್ ಮಾಡಿದಳು.

"ಎಲ್ಲಿದೀಯಾ?"

"ಗುಹೇಲಿ!" ಎಂದ ಲಸಾದ್, ನಿದ್ದೆಗಣ್ಣಿನ ದನಿಯಲ್ಲಿ. "ಎಂಥಾ ಕತ್ತಲೆ ಅಂತೀಯಾ! ಈಗ ತಾನೇ ಹೊರಗೆ ಬಂದ್ವಿ. ಇಟಲಿ ಹೀಗೆ ಕೈಗೆ ಸಿಗೋ ಹಾಗೆ ಕಾಣ್ತಾ ಇದೆ. ನೀನೂ ಇರಬೇಕಿತ್ತು."

"ಹೌದಾ? ಇಲ್ಲಿ ಮಬ್ಬು ಕವಿದಿದೆ. ನನಗೇನೂ ಕಾಣ್ತಿಲ್ಲ."

"ಇಲ್ಲಿ ಅಂದ್ರೆ?"

"ಗುಹೆ ಬಾಗಿಲಲ್ಲಿ."

ಆ ಕಡೆ ಹಿಂದಿನಿಂದ ಸಲ್ವಾ, "ಚಾಕು ಎಲ್ಲಿಟ್ಟಿದಾಳಂತೆ ಕೇಳೋ, ಹಣ್ಣು ಕೊಯ್ಯೋಕೆ" ಎನ್ನುತ್ತಿದ್ದುದು ಕೇಳಿಸಿತು.

"ಹೂರಿಯಾ... ಸಂಜೆಗೆ ಕುಸ್‌ಕುಸ್?" ಎಂದ ಲಸಾದ್ ಕೊನೆಗೆ.

"ಮೀನು ಸಿಂಕಲ್ಲಿದೆ, ಚಾಕು ಅದರ ಪಕ್ಕದಲ್ಲೇ ಇದೆ. ಸಲ್ವಾಗೆ ಹೇಳು, ಹೊಟ್ಟೆ ಸೀಳಿ ಚೆನ್ನಾಗಿ ತೊಳೀಬೇಕು ಅಂತ. ನನಗೆ ತಡ ಆಗುತ್ತೆ, ಮಬ್ಬು ಕರಗೋವರೆಗೂ ಇರ್ತೀನಿ."

ಮದುವೆಯಾದ ಹದಿಮೂರನೆಯ ಬೇಸಿಗೆಯಲ್ಲಿ ಹೂರಿಯಾ ಹವಾರಿಯಾದ ಗುಹೆ ನೋಡಿದಳು. ಲಸಾದ್ ಅವಳನ್ನು ಕರೆದುಕೊಂಡು ಹೋಗಲಿಲ್ಲ.